ಇಪ್ಪತ್ತಮೂರನೇ ಗುಂಡು

ಮಕ್ಕಳ ಮೊಬೈಲಿನಲ್ಲಿ ಇವತ್ತು ಢಂ ಢಂ ಎನ್ನುತ್ತಿರುವ ಶೂಟಿಂಗ್ ಆಟಗಳ ವಂಶಾವಳಿ ಬರೆಯುತ್ತ ಹೋದರೆ, ಮೇಲುಗಡೆ ಕೂರುವ ಮುತ್ತಜ್ಜಂದಿರಲ್ಲಿ ಒಬ್ಬನ ಹೆಸರು ‘ಸ್ಪೇಸ್ ಇನ್‌ವೇಡರ್ಸ್’. ಬಾಹ್ಯಾಕಾಶದಿಂದ ದಂಡೆತ್ತಿ ಬಂದವರು ಎಂದು ಅರ್ಥ. ಹುಟ್ಟಿದ್ದು ಜಪಾನಿನಲ್ಲಿ, 1978ರಲ್ಲಿ. ನನ್ನ ಮಗಳಿಗಿಂತ ಆರು ವರ್ಷ ದೊಡ್ಡವನು.

ಆಟ ನೋಡಲು ತೀರಾ ಸರಳ. ಕಪ್ಪು ಪರದೆ. ಮೇಲುಗಡೆ ಶತ್ರುಗಳ ಐದು ಸಾಲು, ಸಾಲಿಗೆ ಹನ್ನೊಂದು, ಒಟ್ಟು 55. ಕೆಲವು ಏಡಿಯ ಹಾಗಿವೆ, ಕೆಲವು ಆಕ್ಟೋಪಸ್ ಹಾಗೆ, ತುದಿಯ ಸಾಲಿನವು ಸ್ಕ್ವಿಡ್ ಎಂಬ ಕಡಲಜೀವಿಯ ಹಾಗೆ. ಕೆಳಗಡೆ ನಮ್ಮದೊಂದು ಪುಟ್ಟ ಫಿರಂಗಿ. ಅದು ಎಡಕ್ಕೆ, ಬಲಕ್ಕೆ ಜರುಗುತ್ತದೆ, ಅಷ್ಟೇ. ಬಚ್ಚಿಟ್ಟುಕೊಳ್ಳಲು ನಾಲ್ಕು ಮೋಟು ಗೋಡೆಗಳಿವೆ. ಶತ್ರುಗಳ ಗುಂಪು ಒಂದು ಕಡೆಗೆ ಹೆಜ್ಜೆ ಹಾಕುತ್ತ ಹೋಗಿ, ಅಂಚು ಮುಟ್ಟಿದಾಗ ಒಂದು ಮೆಟ್ಟಿಲು ಕೆಳಗಿಳಿದು ಹಿಂದಕ್ಕೆ ತಿರುಗುತ್ತದೆ. ನೇಗಿಲು ಕಟ್ಟಿದ ಎತ್ತು ಒಂದು ಸಾಲು ಮುಗಿಸಿ ಪಕ್ಕದ ಸಾಲಿಗೆ ಹೊರಳಿಕೊಳ್ಳುವುದಿಲ್ಲವೇ, ಹಾಗೆ. ಅವು ನೆಲ ಮುಟ್ಟುವಷ್ಟರಲ್ಲಿ ಅಷ್ಟನ್ನೂ ಹೊಡೆದು ಉರುಳಿಸಬೇಕು. ನಮ್ಮ ಒಂದು ಗುಂಡು ಪರದೆಯ ಮೇಲಿರುವಾಗ ಇನ್ನೊಂದನ್ನು ಹಾರಿಸುವ ಹಾಗಿಲ್ಲ. ಗುರಿ ತಪ್ಪಿದರೆ ಅದು ಮೇಲೆ ಹೋಗಿ ಮಾಯವಾಗುವವರೆಗೆ ಬಾಯಿ ಬಿಟ್ಟುಕೊಂಡು ಕಾಯಬೇಕು.

ಬಂದೂಕಿನ ಆಟದ ಬಗ್ಗೆ ಬರೆಯಲು ಈ ಅಜ್ಜಿಗೆ ಏನು ಬಂತಪ್ಪಾ ಎಂದು ನಿಮಗನ್ನಿಸಬಹುದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಈ ಆಟದ ಹೊಟ್ಟೆಯೊಳಗೆ ಒಂದು ಮಗ್ಗಿ ಅಡಗಿ ಕೂತಿದೆ. ಆ ಮಗ್ಗಿ ನಮ್ಮ ಮನೆಯಲ್ಲಿ ಮಾಡಿದ ಕೆಲಸವನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಆಟ ಹುಟ್ಟಿದ ಕಥೆ.

ಇಟ್ಟಿಗೆ ತಿರುಗಿ ಹೊಡೆದರೆ?

ಅಮೆರಿಕದ ಅಟಾರಿ ಕಂಪನಿ 1976ರಲ್ಲಿ ‘ಬ್ರೇಕ್‌ಔಟ್’ ಎಂಬ ಆಟ ತಂದಿತ್ತು. ಚೆಂಡು ಚಿಮ್ಮಿಸಿ ಮೇಲಿನ ಇಟ್ಟಿಗೆ ಗೋಡೆಯನ್ನು ಒಂದೊಂದೇ ಇಟ್ಟಿಗೆಯಾಗಿ ಒಡೆಯುವುದು. ಜಪಾನಿನ ಟೈಟೊ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ತೊಮೊಹಿರೊ ನಿಶಿಕಾಡೊ ಅವರಿಗೆ ಆ ಆಟ ಬಹಳ ಹಿಡಿಸಿತು. ಅದಕ್ಕಿಂತ ಒಳ್ಳೆಯದನ್ನು ಮಾಡಬೇಕೆಂಬ ಹಟವೂ ಹುಟ್ಟಿತು. ಬ್ರೇಕ್‌ಔಟ್‌ನ ಇಟ್ಟಿಗೆಗಳು ಸುಮ್ಮನೆ ನಿಂತು ಏಟು ತಿನ್ನುತ್ತವೆ. ನಿಶಿಕಾಡೊ ಅವರ ಆಟದಲ್ಲಿ ‘ಇಟ್ಟಿಗೆ’ಗಳು ನಡೆದು ಬರುತ್ತವೆ, ತಿರುಗಿ ಗುಂಡನ್ನೂ ಹಾರಿಸುತ್ತವೆ.

ಮೊದಲಿಗೆ ಟ್ಯಾಂಕು, ವಿಮಾನ ಹೀಗೆ ಏನೇನನ್ನೋ ಶತ್ರುಗಳಾಗಿ ಇಟ್ಟು ನೋಡಿದರು. ಪುಟ್ಟ ಮನುಷ್ಯರ ಆಕೃತಿ ಚೆನ್ನಾಗಿ ಮೂಡಿತು. ಆದರೆ ಮನುಷ್ಯರಿಗೆ ಗುಂಡು ಹೊಡೆಯುವ ಆಟ ಬೇಡವೆಂದು ಕಂಪನಿಯ ಹಿರಿಯರು ಹೇಳಿದರು. ಆಗ ನಿಶಿಕಾಡೊ ಅವರಿಗೆ ನೆನಪಾದದ್ದು ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಥೆಯ ಮಂಗಳಗ್ರಹದವರು. ಅವರು ಆಕ್ಟೋಪಸ್ ಹಾಗಿರುತ್ತಾರೆ. ಆಕ್ಟೋಪಸ್ ಬಂದ ಮೇಲೆ ಏಡಿ, ಸ್ಕ್ವಿಡ್‌ಗಳೂ ಜೊತೆಗೂಡಿದವು. ಒಂದು ‘ಬೇಡ’ದಿಂದ ಎಂಥ ಒಳ್ಳೆಯದಾಯಿತು ನೋಡಿ. ಆ ಏಡಿಯ ಚಿತ್ರವನ್ನು ಇವತ್ತು ಟೀ ಶರ್ಟಿನ ಮೇಲೆ, ಕೀ ಬಂಚಿನ ಮೇಲೆ, ಎಲ್ಲಿ ಕಂಡರೂ ಜನ ಗುರುತು ಹಿಡಿಯುತ್ತಾರೆ.

ಆಟದ ಯೋಚನೆ, ಚಿತ್ರ, ಪ್ರೋಗ್ರಾಮ್, ಯಂತ್ರದ ಒಳಗಿನ ಸರ್ಕ್ಯೂಟು ಹೆಚ್ಚುಕಡಿಮೆ ಎಲ್ಲವೂ ಅವರೊಬ್ಬರದೇ ಕೆಲಸ. ಅದನ್ನು ತಯಾರಿಸಲು ಬೇಕಾದ ಉಪಕರಣಗಳನ್ನೂ ಅವರೇ ಜೋಡಿಸಿಕೊಂಡರು. ಸುಮಾರು ಒಂದು ವರ್ಷ ಹಿಡಿಯಿತು. ಯಂತ್ರದ ಮಿದುಳು ಇಂಟೆಲ್ 8080 ಎಂಬ ಚಿಪ್. ಆ ಕಾಲಕ್ಕೆ ಅದು ಗಟ್ಟಿಗನೇ, ಆದರೂ 55 ಜೀವಿಗಳನ್ನು ಒಟ್ಟಿಗೆ ನಡೆಸುವಷ್ಟು ಶಕ್ತಿ ಅದಕ್ಕಿರಲಿಲ್ಲ.

ಮಕ್ಕಳೇ, ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಪ್ರತಿ ಸಲಕ್ಕೆ ಯಂತ್ರ ಒಂದೇ ಒಂದು ಶತ್ರುವನ್ನು ಜರುಗಿಸುತ್ತದೆ. 55 ಶತ್ರುಗಳಿದ್ದರೆ ಎಲ್ಲರೂ ಒಂದೊಂದು ಹೆಜ್ಜೆ ಇಡಲು 55 ಸಲ ಬೇಕು. ಅಂದರೆ ಸುಮಾರು ಒಂದು ಸೆಕೆಂಡು. ಅರ್ಧದಷ್ಟನ್ನು ಹೊಡೆದಿರೋ, ಅರ್ಧ ಸೆಕೆಂಡಿಗೇ ಒಂದು ಹೆಜ್ಜೆ. ಹತ್ತು ಉಳಿದರೆ ಸೆಕೆಂಡಿಗೆ ಆರು ಹೆಜ್ಜೆ. ಕೊನೆಗೆ ಒಂದೇ ಒಂದು ಉಳಿದಾಗ ಅದು ಪ್ರತಿ ಸಲವೂ ಜರುಗುತ್ತದೆ, ಬಾಲಕ್ಕೆ ಪಟಾಕಿ ಕಟ್ಟಿದ ಹಾಗೆ ಓಡುತ್ತದೆ. ಶತ್ರುಗಳಿಗೆ ಸಿಟ್ಟು ಬಂದು ವೇಗ ಹೆಚ್ಚಿಸಿಕೊಂಡವು ಎಂದು ಆಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಆದದ್ದು ಇಷ್ಟೇ, ಯಂತ್ರದ ಹೊರೆ ಹಗುರವಾಯಿತು. ಆಡಿ ನೋಡಿದ ನಿಶಿಕಾಡೊ ಅವರಿಗೆ ಇದು ಇಷ್ಟವಾಗಿ, ಇದ್ದ ಹಾಗೇ ಬಿಟ್ಟರು. ಹಿನ್ನೆಲೆಯಲ್ಲಿ ನಾಲ್ಕೇ ಸ್ವರಗಳ ಡುಂ, ಡುಂ, ಡುಂ, ಡುಂ ಎಂಬ ಸದ್ದಿದೆ. ಶತ್ರುಗಳು ಕಡಿಮೆಯಾದಂತೆ ಅದೂ ಚುರುಕಾಗುತ್ತದೆ. ಪರೀಕ್ಷೆಯ ಕೊನೆಯ ಐದು ನಿಮಿಷದಲ್ಲಿ ನಮ್ಮ ಎದೆ ಹೊಡೆದುಕೊಳ್ಳುವ ಹಾಗೆ.

ಜಪಾನಿನಲ್ಲಿ ಆಟಕ್ಕೆ ಹುಚ್ಚು ಹಿಡಿದಂತೆ ಜನ ಮುಗಿಬಿದ್ದರು. ಈ ಒಂದೇ ಆಟದ ಯಂತ್ರಗಳನ್ನು ಸಾಲಾಗಿಟ್ಟ ‘ಇನ್‌ವೇಡರ್ ಹೌಸ್’ಗಳು ತೆರೆದವು. ಕಾಫಿ ಅಂಗಡಿಗಳಿಗೆ ಮೇಜಿನ ಆಕಾರದ ಯಂತ್ರಗಳು ಬಂದವು. ಕಪ್ಪು ಬಸಿ ಇಡುವ ಗಾಜಿನ ಕೆಳಗೇ ಯುದ್ಧ. ಆಟಕ್ಕೆ ಹಾಕಿ ಹಾಕಿ ದೇಶದಲ್ಲಿ ನೂರು ಯೆನ್ ನಾಣ್ಯಗಳೇ ಮುಗಿದುಹೋದವು ಎಂಬ ಕಥೆ ಇವತ್ತಿಗೂ ಓಡಾಡುತ್ತಿದೆ. ಅದು ಕಥೆ ಮಾತ್ರ. ಯಂತ್ರದಲ್ಲಿ ಬಿದ್ದ ನಾಣ್ಯ ಸಂಜೆಗೆ ಬ್ಯಾಂಕಿಗೆ ಹೋಗಿ ಮರುದಿನ ಮತ್ತೆ ಪೇಟೆಗೆ ಬರುತ್ತದೆ, ನುಂಗಿ ಕೂರುವುದಿಲ್ಲ.

ತಮ್ಮನ ಹಿಂದೆ ನಿಂತು

ನಾನು ಇಂಥ ಯಂತ್ರವನ್ನು ಮೊದಲು ನೋಡಿದ್ದು 1982ರಲ್ಲಿ, ಬೆಂಗಳೂರಿನಲ್ಲಿ. ನಾನು ಬಿ.ಎಡ್. ಓದುತ್ತಿದ್ದೆ, ತಮ್ಮ ಪಿಯುಸಿ. ಇಬ್ಬರೂ ಚಿಕ್ಕಮ್ಮನ ಮನೆಯಲ್ಲಿದ್ದೆವು. ಒಂದು ಶನಿವಾರ ಅವನು ನನ್ನನ್ನು ಪೇಟೆಯ ವಿಡಿಯೋ ಗೇಮ್ ಪಾರ್ಲರಿಗೆ ಕರೆದುಕೊಂಡು ಹೋದ. “ಅಕ್ಕ, ಮನೇಲಿ ಹೇಳಬೇಡ” ಎಂಬ ಷರತ್ತಿನ ಮೇಲೆ.

ಅರೆಗತ್ತಲೆ ಕೋಣೆ. ಬಾಗಿಲಿಗೆ ಪರದೆ. ಒಳಗೆ ಹುಡುಗರೋ ಹುಡುಗರು. ಹೆಣ್ಣು ಎಂದರೆ ನಾನೊಬ್ಬಳೇ. ಒಂದು ರೂಪಾಯಿಗೆ ಒಂದು ಆಟ, ಆಗಿನ ಒಂದು ರೂಪಾಯಿ. ತಮ್ಮ ಆಡುತ್ತಿದ್ದ, ನಾನು ಬೆನ್ನ ಹಿಂದೆ ಸೀರೆ ಸೆರಗು ಬಿಗಿಯಾಗಿ ಹೊದ್ದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ನನಗೆ ತಿಳಿಯದೆಯೇ ಬಾಯಿ ಲೆಕ್ಕ ಹಾಕಲು ಶುರು ಮಾಡಿತ್ತು. ಕೆಳಗಿನ ಎರಡು ಸಾಲಿನವಕ್ಕೆ ತಲಾ 10 ಅಂಕ, ನಡುವಿನ ಎರಡು ಸಾಲಿಗೆ 20, ತುದಿಯ ಸಾಲಿಗೆ 30. 22 ಹತ್ತಲ 220, 22 ಇಪ್ಪತ್ತಲ 440, 11 ಮೂವತ್ತಲ 330. ಪರದೆ ಪೂರ್ತಿ ಗುಡಿಸಿದರೆ 990. “ಇನ್ನು ಹತ್ತಿದ್ದರೆ ಸಾವಿರವಾಗ್ತಿತ್ತಲ್ಲೋ” ಎಂದೆ. ತಮ್ಮ ತಿರುಗಿ ನೋಡಿದ. ಅಷ್ಟರಲ್ಲಿ ಅವನ ಫಿರಂಗಿ ಸಿಡಿದುಹೋಯಿತು.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಊರಿನಿಂದ ಬಂದ ಅಪ್ಪನಿಗೆ ಸುದ್ದಿ ತಿಳಿಯಿತು. “ದುಡ್ಡು ಕೊಟ್ಟು ಕಣ್ಣು ಹಾಳು ಮಾಡ್ಕೊಳ್ಳೋದಾ?” ಎಂದು ಅವರು ಕೇಳಿದ್ದು ಒಂದೇ ಪ್ರಶ್ನೆ. ತಮ್ಮ ಆ ಕಡೆ ಮತ್ತೆ ಸುಳಿಯಲಿಲ್ಲ.

ಈ ಪ್ರಶ್ನೆ ನಮ್ಮಪ್ಪ ಒಬ್ಬರದೇ ಆಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ಹಿಂದಿನ ವರ್ಷ, 1981ರಲ್ಲಿ, ಬ್ರಿಟನ್ನಿನ ಸಂಸತ್ತಿನಲ್ಲಿ ಇದೇ ಮಾತು ಎದ್ದಿತ್ತು. ಜಾರ್ಜ್ ಫೋಕ್ಸ್ ಎಂಬ ಲೇಬರ್ ಪಕ್ಷದ ಸದಸ್ಯರು ಸ್ಪೇಸ್ ಇನ್‌ವೇಡರ್ಸ್ ಮತ್ತು ಅಂಥ ಎಲೆಕ್ಟ್ರಾನಿಕ್ ಆಟಗಳಿಗೆ ಅಂಕುಶ ಹಾಕುವ ಮಸೂದೆ ತರಲು ಹೊರಟರು. ಮಕ್ಕಳು ಶಾಲೆ ತಪ್ಪಿಸುತ್ತಾರೆ, ಊಟದ ದುಡ್ಡು ಸುರಿಯುತ್ತಾರೆ ಎಂಬುದು ಅವರ ಆತಂಕ. ಮತಕ್ಕೆ ಹಾಕಿದಾಗ ಪರವಾಗಿ 94, ವಿರುದ್ಧವಾಗಿ 114. ಮಸೂದೆ ಬಿದ್ದುಹೋಯಿತು. ಇಪ್ಪತ್ತು ಮತಗಳಿಂದ ಬಚಾವಾದ ಏಡಿ, ಆಕ್ಟೋಪಸ್‌ಗಳು ಅಷ್ಟರಲ್ಲಿ ಪಾರ್ಲರಿನ ಬಾಗಿಲು ದಾಟಿ ಮನೆಗಳ ಒಳಗೇ ನುಗ್ಗಿದ್ದವು.

ನಡುಮನೆಗೆ ಬಂದ ಸೈನ್ಯ

ಮನೆಯ ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಯನ್ನು ಅಟಾರಿ ಕಂಪನಿ 1977ರಲ್ಲೇ ತಂದಿತ್ತು. ಅದಕ್ಕೆ ಆಮೇಲೆ ಅಟಾರಿ 2600 ಎಂಬ ಹೆಸರಾಯಿತು. ಹೊಸ ಆಟ ಬೇಕೆಂದರೆ ಹೊಸ ಕ್ಯಾಸೆಟ್ ಹಾಕಬೇಕು. 1980ರಲ್ಲಿ ಸ್ಪೇಸ್ ಇನ್‌ವೇಡರ್ಸ್ ಕ್ಯಾಸೆಟ್ ಬಂದಿದ್ದೇ ತಡ, ಆ ಒಂದು ಆಟಕ್ಕಾಗಿಯೇ ಜನ ಪೆಟ್ಟಿಗೆ ಕೊಂಡರು. ಪೆಟ್ಟಿಗೆಯ ಮಾರಾಟ ನಾಲ್ಕು ಪಟ್ಟಾಯಿತು. ಹತ್ತು ಲಕ್ಷ ದಾಟಿದ ಮೊದಲ ಕ್ಯಾಸೆಟ್ ಅದೇ. ಅದೇ ವರ್ಷ ಅಟಾರಿ ಈ ಆಟದ ದೊಡ್ಡ ಸ್ಪರ್ಧೆಯನ್ನೂ ನಡೆಸಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಆಡಿದರು. ಗೆದ್ದವರು ಆಗಿನ್ನೂ ಹದಿಹರೆಯದ ರೆಬೆಕಾ ಹೈನ್‌ಮನ್. ಅವರು ಮುಂದೆ ತಾವೇ ಆಟಗಳನ್ನು ತಯಾರಿಸುವವರಾದರು.

ಆ ಪೆಟ್ಟಿಗೆಯ ಬಡತನ ಕೇಳಿದರೆ ನಿಮಗೆ ನಗು ಬರಬಹುದು. ಕೆಲಸ ಮಾಡಲು ಅದಕ್ಕಿದ್ದ ನೆನಪಿನ ಜಾಗ 128 ಬೈಟ್. ಮೊಬೈಲಿನಲ್ಲಿ ನೀವು “ಅಜ್ಜಿ, ನಾನು ಶಾಲೆಯಿಂದ ಬಂದೆ, ತಿಂಡಿ ಏನು ಮಾಡಿದ್ದೀ?” ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಆ ಸಾಲು ಹಿಡಿಯುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟರಲ್ಲಿ ಯುದ್ಧ ನಡೆಸಬೇಕಾಗಿತ್ತು. ಆ ಪೆಟ್ಟಿಗೆಗೆ ಆಟವನ್ನು ಬರೆದವರು ರಿಕ್ ಮಾರರ್. ಅವರು 55 ಶತ್ರುಗಳನ್ನು 36ಕ್ಕೆ ಇಳಿಸಿದರು, ಆರು ಸಾಲು, ಸಾಲಿಗೆ ಆರು. ಗೋಡೆಗಳು ನಾಲ್ಕರ ಬದಲು ಮೂರು. ಬಡತನವಿದ್ದರೂ ಜಿಪುಣತನ ಮಾಡಲಿಲ್ಲ. ಒಂದೇ ಕ್ಯಾಸೆಟ್ಟಿನಲ್ಲಿ 112 ಬಗೆಯ ಆಟ ಕೊಟ್ಟರು. ಗೋಡೆಗಳು ಓಡಾಡುವ ಬಗೆ, ಶತ್ರುಗಳು ಕಾಣಿಸದ ಬಗೆ, ಇಬ್ಬರು ಸೇರಿ ಒಂದೇ ಫಿರಂಗಿ ನಡೆಸುವ ಬಗೆ. ಎರಡು ಬದನೆಕಾಯಿಯಲ್ಲಿ ಹತ್ತು ಜನಕ್ಕೆ ಹುಳಿ ಮಾಡುವ ಅಡುಗೆಯವರು ನಮ್ಮಲ್ಲೂ ಇದ್ದರಲ್ಲ, ಅಂಥ ಕೈ.

ಅಟಾರಿ ಪೆಟ್ಟಿಗೆ ನಮ್ಮ ಶಿವಮೊಗ್ಗದ ಕಡೆಗೆ ಬರಲಿಲ್ಲ. ನಮ್ಮ ಮನೆಗೆ ಟಿವಿ ಗೇಮ್ ಬಂದದ್ದು ತೊಂಬತ್ತರ ದಶಕದಲ್ಲಿ, ಮಗಳಿಗೆ ಹತ್ತು ವರ್ಷವಾದಾಗ. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಪೆಟ್ಟಿಗೆಯ ನಕಲುಗಳು ಆಗ ಊರೂರಿನ ಅಂಗಡಿಗಳಲ್ಲಿ ಸಿಗುತ್ತಿದ್ದವು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂದು ಅಚ್ಚು ಹಾಕಿದ್ದರು. ಮಗಳು ಒಂದು ಭಾನುವಾರ ಪುಸ್ತಕ ಪೆನ್ನು ಹಿಡಿದು ಪಟ್ಟಿ ಮಾಡಿದಳು. ಅದೇ ಹದಿನಾಲ್ಕು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು! ಆ ಹದಿನಾಲ್ಕರಲ್ಲಿ ಒಂದು ‘ಗ್ಯಾಲಕ್ಸಿಯನ್’, ನಾಮ್ಕೊ ಎಂಬ ಕಂಪನಿ 1979ರಲ್ಲಿ ಸ್ಪೇಸ್ ಇನ್‌ವೇಡರ್ಸ್ ದಾರಿಯಲ್ಲೇ ನಡೆದು ಮಾಡಿದ ಆಟ. ಅದರಲ್ಲಿ ಶತ್ರುಗಳು ಸಾಲು ಬಿಟ್ಟು ಗಿಡುಗನ ಹಾಗೆ ಎರಗುತ್ತವೆ. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಮಗಳು, ಅವಳ ಗೆಳತಿಯರು ಸರದಿಯ ಮೇಲೆ ಆಡುವರು. ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ ಕಿರುಚುವರು. ನಾನು ಉತ್ತರಪತ್ರಿಕೆ ತಿದ್ದುತ್ತ ಒಂದು ಕಣ್ಣು ಅತ್ತ ಇಟ್ಟಿರುತ್ತಿದ್ದೆ.

ಮಾತು ಮುಗಿದ ಮನೆ

ಆ ಮಗಳು ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಮೊಮ್ಮಗನಿಗೆ ಒಂಬತ್ತು ವರ್ಷ. ಹೋದ ವರ್ಷ ಮೂರು ತಿಂಗಳು ಅವಳ ಮನೆಯಲ್ಲಿದ್ದೆ.

ಮೊಮ್ಮಗ ಒಳ್ಳೆಯ ಹುಡುಗ. ಎದ್ದ ಕೂಡಲೇ ಬಂದು ತಬ್ಬಿಕೊಳ್ಳುತ್ತಾನೆ. ಆದರೆ ಅವನಿಗೆ ಬರುವ ಕನ್ನಡ ಊಟ, ಹಾಲು, ಬಾ, ಬೇಡ, ಸಾಕು ಇಷ್ಟರಲ್ಲೇ ಮುಗಿಯುತ್ತದೆ. ನನಗೆ ಇಂಗ್ಲಿಷ್ ಬರುತ್ತದೆ, ಅವನ ವೇಗದ ಇಂಗ್ಲಿಷ್ ಬರುವುದಿಲ್ಲ. ಅವನು ಎರಡನೇ ಸಲ ಹೇಳಿದಾಗಲೂ ನಾನು “ಏನು ಪುಟ್ಟಾ?” ಎಂದರೆ “ಪರವಾಗಿಲ್ಲ ಬಿಡು ಅಜ್ಜಿ” ಎಂಬರ್ಥದಲ್ಲಿ ಕೈಯಾಡಿಸಿ ಹೋಗಿಬಿಡುತ್ತಿದ್ದ. ಮೊದಲ ವಾರ ತಂದ ಚಕ್ಕುಲಿ, ಕೋಡುಬಳೆ, ಊರಿನ ಫೋಟೋಗಳಲ್ಲಿ ಕಳೆಯಿತು. ಎರಡನೇ ವಾರಕ್ಕೆ ಇಬ್ಬರ ನಡುವೆ ಮಾತೇ ಉಳಿಯಲಿಲ್ಲ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ಬೀನ್ಸ್ ಸೋಸುತ್ತಿದ್ದೆ.

ಒಂದು ರಾತ್ರಿ ಮಗಳು ಪಾತ್ರೆ ತೊಳೆಯುತ್ತ ಹೇಳಿದಳು, “ಅಮ್ಮ, ನೀನು ಇನ್ನು ಎಷ್ಟು ಸಲ ಇಲ್ಲಿಗೆ ಬರೋಕಾಗತ್ತೋ. ಅವನು ದೊಡ್ಡವನಾದ ಮೇಲೆ ಅಜ್ಜಿ ಜೊತೆ ಏನು ಮಾತಾಡ್ತಿದ್ದೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತಾನೆ?” ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ.

ಅದರ ಮುಂದಿನ ಶನಿವಾರ ಅಳಿಯ ನಮ್ಮನ್ನೆಲ್ಲ ಹಳೆಯ ವಿಡಿಯೋ ಗೇಮ್‌ಗಳ ಪಾರ್ಲರಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಒಂದು ಸಲ ದುಡ್ಡು ಕೊಟ್ಟರೆ ಸಂಜೆಯವರೆಗೆ ಯಾವ ಯಂತ್ರವನ್ನಾದರೂ ಆಡಬಹುದು. ಮೊಮ್ಮಗ ಬಣ್ಣಬಣ್ಣದ ಕಾರಿನ ಆಟದ ಕಡೆ ಓಡಿದ. ನನ್ನ ಕಿವಿಗೆ ಒಂದು ಮೂಲೆಯಿಂದ ಡುಂ, ಡುಂ, ಡುಂ, ಡುಂ ಕೇಳಿಸಿತು.

ಅದು ಅಮೆರಿಕದಲ್ಲಿ ಮಿಡ್‌ವೇ ಎಂಬ ಕಂಪನಿ ಪರವಾನಗಿ ಪಡೆದು ತಯಾರಿಸಿದ, ಬೀರುವಿನೆತ್ತರದ ಹಳೆಯ ಯಂತ್ರ. ಅದರ ಒಳಗೊಂದು ಮೋಜಿದೆ. ನಮಗೆ ಕಾಣುವುದು ಪರದೆಯಲ್ಲ, ಪರದೆಯ ಪ್ರತಿಬಿಂಬ. ಟಿವಿ ಒಳಗಡೆ ಕೆಳಗಿರುತ್ತದೆ. ಅದರ ಚಿತ್ರ ಓರೆಯಾಗಿ ನಿಲ್ಲಿಸಿದ ಕನ್ನಡಿಯಲ್ಲಿ ಮೂಡುತ್ತದೆ, ಹಿಂದಿನಿಂದ ಚಂದ್ರನ ನೆಲದ ಬಣ್ಣದ ಚಿತ್ರ ಕಾಣುತ್ತದೆ. ಹಾಗಾಗಿ ಶತ್ರುಗಳು ನಿಜವಾಗಿಯೂ ಗಾಳಿಯಲ್ಲಿ ತೇಲಿದಂತೆ ಇರುತ್ತದೆ. ಟಿವಿ ಕಪ್ಪುಬಿಳುಪಿನದು. ಕೆಳಗಿನ ಹಸಿರು, ಮೇಲಿನ ಕೆಂಪು ಬಂದದ್ದು ಬಣ್ಣದ ಹಾಳೆ ಅಂಟಿಸಿದ್ದರಿಂದ. ದಸರಾ ಗೊಂಬೆ ಕೂರಿಸುವಾಗ ಬಲ್ಬಿಗೆ ಬಣ್ಣದ ಕಾಗದ ಸುತ್ತುತ್ತಿದ್ದೆವಲ್ಲ, ಅದೇ ಉಪಾಯ. ಕೋಲಿನಂಥ ಹಿಡಿಕೆ ಇಲ್ಲ, ಮೂರು ಬಟನ್‌ಗಳು ಮಾತ್ರ. ಎಡಕ್ಕೆ, ಬಲಕ್ಕೆ, ಗುಂಡಿಗೆ.

ನಲವತ್ತೆರಡು ವರ್ಷ ಹಿಂದೆ ಬೆನ್ನ ಹಿಂದೆ ನಿಂತಿದ್ದವಳು ಈ ಸಲ ಎದುರಿಗೆ ನಿಂತೆ. ಮೂರು ಫಿರಂಗಿಗಳೂ ಒಂದು ನಿಮಿಷದೊಳಗೆ ಹೋದವು. ಮೊಮ್ಮಗ ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದ. ಅಜ್ಜಿ ಆಡುವುದನ್ನು ಅವನು ನೋಡಿದ್ದು ಅದೇ ಮೊದಲು. ನಕ್ಕು, ಎಡ ಬಲದ ಬಟನ್‌ಗಳ ಮೇಲೆ ತನ್ನ ಕೈ ಇಟ್ಟ. ಗುಂಡಿನ ಬಟನ್ ನನಗೆ ಬಿಟ್ಟ. ಒಂದು ಫಿರಂಗಿ, ಎರಡು ತಲೆ, ಎರಡು ಕೈ.

ಎಂಟು ಕೂಡಿಸಿದ ಮಗ್ಗಿ

ನಾವು ಸೋಲುವುದನ್ನು ಎರಡು ಮೂರು ಸಲ ನೋಡಿದ ಪಾರ್ಲರಿನ ನರೆಗಡ್ಡದ ಮನುಷ್ಯ ಹತ್ತಿರ ಬಂದು ಒಂದು ಗುಟ್ಟು ಹೇಳಿದ. ಆಗಾಗ ಪರದೆಯ ತುದಿಯಲ್ಲಿ ಒಂದು ಹಾರುವ ತಟ್ಟೆ ಕೂಗುತ್ತ ಹೋಗುತ್ತದೆ. ಅದನ್ನು ಹೊಡೆದರೆ ಒಮ್ಮೆ 50, ಒಮ್ಮೆ 100, ಒಮ್ಮೆ 150 ಅಂಕ. ಅಪರೂಪಕ್ಕೆ 300. ಅದೃಷ್ಟದ ಮೇಲೆ ಹೋಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದೃಷ್ಟವಲ್ಲ, ಲೆಕ್ಕ. ಯಂತ್ರ ನಾವು ಹಾರಿಸಿದ ಗುಂಡುಗಳನ್ನು ಎಣಿಸುತ್ತಿರುತ್ತದೆ. ಇಪ್ಪತ್ತಮೂರನೇ ಗುಂಡು ತಟ್ಟೆಗೆ ತಗುಲಿದರೆ 300. ಅಲ್ಲಿಂದ ಮುಂದೆ ಪ್ರತಿ ಹದಿನೈದನೆಯ ಗುಂಡಿಗೆ 300. ಶತ್ರುಗಳ ಹೊಸ ದಂಡು ಬಂದಾಗ ಮತ್ತೆ ಒಂದರಿಂದ ಎಣಿಕೆ. ಹಳೆಯ ಆಟಗಾರರು ಯಂತ್ರವನ್ನು ಗಮನಿಸಿ ಗಮನಿಸಿ ಕಂಡುಹಿಡಿದ ಸಂಗತಿ ಇದು.

ಗಣಿತದವಳಿಗೆ ಇದಕ್ಕಿಂತ ಬೇರೆ ಏನು ಬೇಕು! ಬಟನ್ ಒತ್ತುವವಳು ನಾನೇ ಆದ್ದರಿಂದ ಎಣಿಸುವವಳೂ ನಾನೇ. ನಾನು ಎಣಿಸುವುದು ಕನ್ನಡದಲ್ಲಿ. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಹೇಳುತ್ತ ಹೋದೆ. ಇಪ್ಪತ್ತೆರಡಾಯಿತು. ಗುಂಡು ನಿಲ್ಲಿಸಿ ತಟ್ಟೆ ಬರುವುದನ್ನು ಕಾಯುತ್ತ ನಿಂತೆವು. ಹುಡುಗ ಗೋಡೆಯ ಮರೆಯಲ್ಲಿ ಫಿರಂಗಿಯನ್ನು ಹಿಂದೆ ಮುಂದೆ ಜರುಗಿಸುತ್ತ ಗುಂಡುಗಳನ್ನು ತಪ್ಪಿಸುತ್ತಿದ್ದ. ತಟ್ಟೆ ಕೂಗುತ್ತ ಬಂತು. ನಾನು ಒತ್ತಿದೆ. 300!

“ಇಪ್ಪತ್ತಮೂರು!” ಎಂದೆ. ಅವನೂ “ಇಪ್ಪತ್ಮೂರು!” ಎಂದು ಕುಣಿದ. ನಾಲಿಗೆ ತೊಡರಲಿಲ್ಲ. ಮಗಳು ದೂರದಲ್ಲಿ ನಿಂತಿದ್ದಳು. ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಮುಂದಿನ ಆಟಕ್ಕೆ ಅವನೇ ಜಾಗ ಬದಲಿಸಿದ. ಗುಂಡಿನ ಬಟನ್ ಅವನಿಗೆ ಬೇಕು. ಹಾಗಾದರೆ ಎಣಿಕೆಯೂ ಅವನದೇ. ಹತ್ತರವರೆಗೆ ಸರಿಯಾಗಿ ಬಂತು. ಹನ್ನೊಂದು, ಹನ್ನೆರಡು ಆದ ಮೇಲೆ ಹದಿಮೂರಕ್ಕೆ ತಡವರಿಸಿದ. ಎಣಿಕೆ ತಪ್ಪಿದರೆ 300 ಹೋಗುತ್ತದೆ. ನಾನು ಹೇಳಿಕೊಟ್ಟೆ, ಅವನು ಹೇಳಿದ. ಕಲಿಸುತ್ತಿದ್ದೇನೆಂದು ನನಗೂ ಅನ್ನಿಸಲಿಲ್ಲ, ಕಲಿಯುತ್ತಿದ್ದೇನೆಂದು ಅವನಿಗೂ ಅನ್ನಿಸಿರಲಾರದು. ಇಬ್ಬರಿಗೂ ಪುರುಸೊತ್ತು ಎಲ್ಲಿತ್ತು? ಮೇಲಿನಿಂದ ಸೈನ್ಯ ಇಳಿಯುತ್ತಿತ್ತು.

ಮನೆಗೆ ಬಂದ ಮೇಲೂ ಆಟ ನಿಲ್ಲಲಿಲ್ಲ. ಅವನ ಹತ್ತಿರ ನಿಂಟೆಂಡೊ ಸ್ವಿಚ್ ಇತ್ತು. ಟೈಟೊದ ಹಳೆಯ ಸ್ಪೇಸ್ ಇನ್‌ವೇಡರ್ಸ್ ಆಟಗಳನ್ನು ಒಟ್ಟುಗೂಡಿಸಿ ಅದಕ್ಕಾಗಿ ತಂದ ಒಂದು ಸಂಗ್ರಹವಿದೆ, ಜಪಾನಿನಲ್ಲಿ ಬಂದದ್ದು 2020ರಲ್ಲಿ. 1978ರ ಕಪ್ಪುಬಿಳುಪಿನ ಆಟವೂ ಅದರಲ್ಲಿದೆ. ಅಳಿಯ ಅದನ್ನು ಹಾಕಿಕೊಟ್ಟರು. ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಹಳೆಯ ಅಟಾರಿಯೂ ಸಿಕ್ಕಿತು. ಮುಂಭಾಗಕ್ಕೆ ಮರದ ಬಣ್ಣವಿದ್ದ ಆ ಪೆಟ್ಟಿಗೆ ನಮ್ಮ ಅಜ್ಜನ ಕಾಲದ ರೇಡಿಯೋದ ತಮ್ಮನಂತಿತ್ತು. ಆದರೆ ಅಟಾರಿಯ ಆಟದಲ್ಲಿ ಈ ಇಪ್ಪತ್ತಮೂರರ ಗುಟ್ಟಿಲ್ಲ. ಮೊಮ್ಮಗ ಅರ್ಧ ಗಂಟೆ ಆಡಿ, ಇದರಲ್ಲಿ ಎಣಿಸುವುದಕ್ಕೆ ಏನೂ ಇಲ್ಲ ಎಂದು ಮೂಗು ಮುರಿದ. ಸಾಲಿಗೆ ಎಷ್ಟು ಅಂಕ ಎಂದು ನೋಡು ಎಂದೆ. ಕೆಳಗಿನಿಂದ 5, 10, 15, 20, 25, 30. ಸಾಲಿಗೆ ಆರು ಶತ್ರು. ಎಲ್ಲ ಕೂಡಿಸಿದರೆ 630. ಅದನ್ನೂ ಬಾಯಲ್ಲೇ ಮಾಡಿಸಿದೆ.

ಒಂದು ಸಂಜೆ ಅವನೇ ಒಂದು ಕಾಗದದ ಮೇಲೆ 300 ಸಿಗುವ ಗುಂಡುಗಳನ್ನು ಬರೆದುಕೊಂಡು ಬಂದ. 23, 38, 53, 68, 83, 98. ಕೊನೆಯ ಅಂಕಿ ನೋಡು ಅಜ್ಜಿ, ಮೂರು, ಎಂಟು, ಮೂರು, ಎಂಟು ಎಂದು ತೋರಿಸಿದ. ಮೂರು, ಎಂಟು ಎಂಬ ಎರಡು ಮಾತನ್ನೂ ಅವನು ಕನ್ನಡದಲ್ಲೇ ಹೇಳಿದ. ನಾನು ಪಕ್ಕದಲ್ಲಿ ಇನ್ನೊಂದು ಸಾಲು ಬರೆದೆ. 15, 30, 45, 60, 75, 90. ಪ್ರತಿಯೊಂದಕ್ಕೂ ಎಂಟು ಕೂಡಿಸು ಎಂದೆ. ಅವನ ಕಣ್ಣು ದೊಡ್ಡದಾಯಿತು. ಹಾರುವ ತಟ್ಟೆಯ ಗುಟ್ಟು ಎಂದರೆ ಎಂಟು ಕೂಡಿಸಿದ ಹದಿನೈದರ ಮಗ್ಗಿ!

ಹದಿನೈದೊಂದ್ಲಿ ಹದಿನೈದು, ಹದಿನೈದೆರಡ್ಲಿ ಮೂವತ್ತು, ಹದಿನೈದ್ಮೂರ್ಲಿ ನಲವತ್ತೈದು. ನಮ್ಮ ಹಿರಿಯರು ಜಗಲಿಯ ಮೇಲೆ ಕೂರಿಸಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೇಳಿಸುತ್ತಿದ್ದ ಮಗ್ಗಿ, ನ್ಯೂಜೆರ್ಸಿಯ ಸೋಫಾದ ಮೇಲೆ ಅದೇ ರಾಗದಲ್ಲಿ ಬಂತು. ರಾಗ ತಪ್ಪದಿದ್ದರೆ ಲೆಕ್ಕವೂ ತಪ್ಪುವುದಿಲ್ಲ, ಅದೇ ಮಗ್ಗಿಯ ಮಹಿಮೆ.

ಅವನಿಗೆ ಈಗ ಕನ್ನಡ ಬರುತ್ತದೆ ಎಂದು ನಾನು ಹೇಳಲಾರೆ. ಮೂರು ತಿಂಗಳಿಗೆ ಭಾಷೆ ಬಂದುಬಿಡುವುದಿಲ್ಲ. ಎಪ್ಪತ್ತು, ಎಂಬತ್ತು ಇನ್ನೂ ಅದಲುಬದಲಾಗುತ್ತವೆ. ಆದರೆ ಎಣಿಕೆಯ ಜೊತೆಗೆ ಆಟಕ್ಕೆ ಬೇಕಾದ ಕೆಲವು ಮಾತುಗಳೂ ಬಂದವು. ತಡಿ, ಈಗ, ಹೊಡಿ, ಅಯ್ಯೋ, ಇನ್ನೊಂದು ಸಲ. ಮನೆಯಲ್ಲಿ ಇಬ್ಬರು ಮಾತಾಡಿಕೊಳ್ಳಲು ಇಷ್ಟು ಸಾಕಾಗುವ ದಿನಗಳಿರುತ್ತವೆ. ಊಟಕ್ಕೆ ಕರೆದರೆ “ತಡಿ ಅಜ್ಜಿ, ಇನ್ನೊಂದು ಸಲ” ಎನ್ನುವುದನ್ನು ಅವನು ಎಷ್ಟು ಬೇಗ ಕಲಿತನೆಂದರೆ, ಅವನಮ್ಮ ಚಿಕ್ಕವಳಿದ್ದಾಗ ಹೇಳುತ್ತಿದ್ದುದೂ ಅದೇ ಧಾಟಿಯಲ್ಲಿ.

ನಮ್ಮಪ್ಪ ಅಂದು ಕೇಳಿದ ಪ್ರಶ್ನೆಗೆ ಇವತ್ತಿಗೂ ಬೆಲೆಯಿದೆ. ಹೊತ್ತುಗೊತ್ತಿಲ್ಲದೆ ಪರದೆ ನೋಡಿದರೆ ಕಣ್ಣಿಗೂ ಒಳ್ಳೆಯದಲ್ಲ, ಮನಸ್ಸಿಗೂ ಒಳ್ಳೆಯದಲ್ಲ. ಮಗಳ ಮನೆಯಲ್ಲಿ ಆಟಕ್ಕೆ ಅರ್ಧ ಗಂಟೆಯ ಗಡಿಯಾರವಿದೆ. ನಾವಿಬ್ಬರೂ ಅದಕ್ಕೆ ತಲೆಬಾಗಿದೆವು. ನಾನು ಕಂಡುಕೊಂಡದ್ದು ಇಷ್ಟೇ. ಅದೇ ಅರ್ಧ ಗಂಟೆ, ಅದೇ ಪರದೆ. ಕಿವಿ ಮುಚ್ಚಿಕೊಂಡು ಒಬ್ಬನೇ ಆಡಿದಾಗ ಒಂದು ತರಹ, ಪಕ್ಕದಲ್ಲಿ ಎಣಿಸುವವರೊಬ್ಬರು ಇದ್ದಾಗ ಇನ್ನೊಂದು ತರಹ. ಆಟದಲ್ಲಿ ಗೆಲ್ಲಲು ಅಜ್ಜಿ ಬೇಕೇಬೇಕು ಎಂದಾದಾಗ ಹುಡುಗ ತಾನಾಗಿಯೇ ಹೆಡ್‌ಫೋನ್ ತೆಗೆದಿಟ್ಟ. ಅದನ್ನು ತೆಗೆ ಎಂದು ಮೂರು ವಾರದಿಂದ ಯಾರು ಹೇಳಿದ್ದರೂ ತೆಗೆದಿರಲಿಲ್ಲ.

ಈ ಆಟಕ್ಕೆ ಈಗ ದೊಡ್ಡ ದೊಡ್ಡ ಮರ್ಯಾದೆಗಳು ಸಿಕ್ಕಿವೆ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 2013ರಲ್ಲಿ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ರಾಚೆಸ್ಟರ್ ನಗರದ ಆಟಗಳ ಮ್ಯೂಸಿಯಂ 2016ರಲ್ಲಿ ವಿಡಿಯೋ ಗೇಮ್‌ಗಳ ಗೌರವ ಪಟ್ಟಿಯಲ್ಲಿ ಇದರ ಹೆಸರು ಬರೆಯಿತು. ‘ಮಾರಿಯೊ’ ಆಟದ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಅವರಿಗೆ ವಿಡಿಯೋ ಗೇಮ್‌ಗಳಲ್ಲಿ ಆಸಕ್ತಿ ಹುಟ್ಟಿಸಿದ್ದೂ ಇದೇ ಆಟ. ನಮ್ಮ ಮನೆಯಲ್ಲಿ ಇದು ಮಾಡಿದ ಕೆಲಸ ಯಾವ ಮ್ಯೂಸಿಯಮ್ಮಿನ ಫಲಕದಲ್ಲೂ ಬರುವಂಥದ್ದಲ್ಲ.

ಊರಿಗೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ನನಗೆ ವಿಡಿಯೋ ಕರೆ ಬರುತ್ತದೆ, ಅಲ್ಲಿ ಆಗ ಶನಿವಾರ ರಾತ್ರಿ. ಮೊದಲೆಲ್ಲ ಮಗಳು ಫೋನನ್ನು ಅವನ ಮುಖದ ಮುಂದೆ ಹಿಡಿದು “ಅಜ್ಜಿಗೆ ಹಾಯ್ ಹೇಳು” ಎಂದು ಪೂಸಿ ಹೊಡೆಯಬೇಕಾಗಿತ್ತು. ಈಗ ಅವನೇ ಫೋನು ಕಸಿದುಕೊಂಡು ಕೂರುತ್ತಾನೆ. ಹೋದ ವಾರ ಇಪ್ಪತ್ತಮೂರರಿಂದ ಶುರು ಮಾಡಿ, ಮೂವತ್ತೆಂಟು, ಐವತ್ತಮೂರು, ಅರವತ್ತೆಂಟು, ಎಂಬತ್ತಮೂರು ಎಂದು ಒಂದೇ ಉಸಿರಿಗೆ ಹೇಳಿ, ತೊಂಬತ್ತೆಂಟಕ್ಕೆ ಬಂದು ನಿಂತ. ಹಣೆ ಗಂಟಿಕ್ಕಿ ಯೋಚಿಸಿದ. ಆಮೇಲೆ ಕೇಳಿದ:

“ಅಜ್ಜಿ, ನೂರಾದ ಮೇಲೆ ಏನು?”